ಅರ್ಜಿಗಿಂತ ಮೊದಲು ಕಡತ: ಪಾರಂಪರಿಕ ಕಟ್ಟಡಗಳ ಕೆಲಸದಲ್ಲಿ ತರಬೇತಿ, ಅನುದಾನ ಪಡೆಯುವ ಬಗೆ

ಹಳೆಯ ಕಟ್ಟಡಗಳ ಸಂರಕ್ಷಣೆಗೆ ಇಳಿದವರು ಮೊದಲು ಕೇಳುವುದು ಎರಡೇ: ತರಬೇತಿ ಯಾರು ಕೊಡುತ್ತಾರೆ, ಹಣ ಯಾರು ಕೊಡುತ್ತಾರೆ. ಸಂಸ್ಥೆಗಳ ಹೆಸರು ಹುಡುಕಿದರೆ ಸಿಗುತ್ತವೆ, ಮುಂದೆ ನಾನೂ ಹೇಳುತ್ತೇನೆ. ಆದರೆ ಅರ್ಜಿಗಳನ್ನು ಬರೆದೂ ಓದಿಯೂ ನನಗೆ ಖಚಿತವಾದ ಒಂದು ಮಾತಿದೆ. ಸೋಲುವ ಅರ್ಜಿಗಳಲ್ಲಿ ಭಾಷೆ ಚೆನ್ನಾಗಿಯೇ ಇರುತ್ತದೆ, ಅದರ ಹಿಂದೆ ಕಡತ ಇರುವುದಿಲ್ಲ. ‘ಗೋಡೆ ಶಿಥಿಲವಾಗಿದೆ, ತುರ್ತಾಗಿ ಉಳಿಸಬೇಕು’ ಎಂದು ಎಲ್ಲರೂ ಬರೆಯುತ್ತಾರೆ. ಯಾವ ಗೋಡೆ, ಎಷ್ಟು ಚದರ ಮೀಟರ್, ಯಾವ ಕಾರಣದಿಂದ, ಏನು ಮಾಡಿ ನೋಡಿದ್ದೀರಿ ಎಂದು ಕೇಳಿದರೆ ಉತ್ತರವಿಲ್ಲ. ಹಾಗಾಗಿ ನಾನು ಅರ್ಜಿ ಕರೆಯುವ ದಿನಾಂಕಕ್ಕೆ ಕಾಯುವುದಿಲ್ಲ. ಕಟ್ಟಡಕ್ಕೊಂದು ಕಡತ ಮಾಡಿಟ್ಟುಕೊಂಡಿರುತ್ತೇನೆ. ಅರ್ಜಿ ಕರೆದಾಗ ಅದರಿಂದ ಬೇಕಾದ ಹಾಳೆ ತೆಗೆಯುವುದಷ್ಟೇ ಉಳಿದಿರುತ್ತದೆ.

ಇದು ನನ್ನ ಸ್ವಂತ ಶಿಸ್ತೇನಲ್ಲ. ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದಿನ 16ನೇ ವಿಧಿಯೇ ಸಂರಕ್ಷಣೆ, ಜೀರ್ಣೋದ್ಧಾರ, ಉತ್ಖನನ ಯಾವುದೇ ಇರಲಿ, ಚಿತ್ರ ಮತ್ತು ಫೋಟೋ ಸಮೇತ ವಿಶ್ಲೇಷಣಾತ್ಮಕ ವರದಿ ಇರಬೇಕು, ಅದನ್ನು ಸಂಶೋಧಕರಿಗೆ ಸಿಗುವ ದಾಖಲಾಗಾರದಲ್ಲಿಡಬೇಕು ಎನ್ನುತ್ತದೆ. ಅದೇ ಸನ್ನದಿನ 9ನೇ ವಿಧಿ, ಊಹೆ ಶುರುವಾದಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ. ಅರ್ಜಿ ಪರಿಶೀಲಿಸುವವರು ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಓದುತ್ತಾರೆ.

ಫೋಟೋದಿಂದ ಶುರು ಮಾಡುತ್ತೇನೆ. ಮೋಡ ಕವಿದ ದಿನ ಒಳ್ಳೆಯದು, ನೆರಳಿನ ಗಡಿ ಬೀಳುವುದಿಲ್ಲ. ಜೂಮ್ ಇಲ್ಲದ ಒಂದೇ ಲೆನ್ಸ್, ಒಂದೇ ಫೋಕಸ್, ಪ್ರತಿ ಚಿತ್ರದ ಗುಂಪಿನಲ್ಲಿ ಒಂದು ಅಳತೆಪಟ್ಟಿ, ಒಂದು ಬಣ್ಣದ ಕಾರ್ಡ್. ಗೋಡೆಗೆ ನೇರವಾಗಿ ನಿಂತು ಪಕ್ಕಕ್ಕೆ ಸರಿಯುತ್ತ ತೆಗೆಯುವಾಗ ಒಂದು ಚಿತ್ರ ಮುಂದಿನದರ ಮೇಲೆ ಶೇ 80ರಷ್ಟು, ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಶೇ 60ರಷ್ಟು ಬರಬೇಕು, ಅಂದರೆ ಗೋಡೆಯ ಅಷ್ಟು ಭಾಗ ಎರಡರಲ್ಲೂ ಕಾಣಬೇಕು. ಹೀಗಿದ್ದರೆ ಮೆಶ್‌ರೂಮ್‌ನಂಥ ಉಚಿತ ತಂತ್ರಾಂಶದಲ್ಲಿ ಹಾಕಿ ಅಳತೆಗೆ ಸರಿಹೊಂದುವ ಮೂರು ಆಯಾಮದ ಮಾದರಿ ತೆಗೆಯಬಹುದು; ಮಾದರಿಯ ಬಿಂದುಗಳ ರಾಶಿಯನ್ನು (ಪಾಯಿಂಟ್ ಕ್ಲೌಡ್) ಅಳೆದು ನೋಡಲು ಕ್ಲೌಡ್‌ಕಂಪೇರ್, ನಕ್ಷೆಗೆ ಕ್ಯೂಜಿಐಎಸ್, ಎರಡೂ ಉಚಿತ. ಹೊಸಬರು ತಪ್ಪುವುದು ಒಂದೇ ಕಡೆ: ಒಂದೇ ಜಾಗದಲ್ಲಿ ನಿಂತು ಕ್ಯಾಮೆರಾ ತಿರುಗಿಸುತ್ತ ತೆಗೆಯುತ್ತಾರೆ. ಅದರಿಂದ ಪನೋರಮಾ ಆಗುತ್ತದೆ, ಮಾದರಿ ಆಗುವುದಿಲ್ಲ. ಕಾಲು ಸರಿಯಬೇಕು. ಫೋಟೋದಿಂದ ದಾಖಲಿಸುವ ಕ್ರಮಕ್ಕೆ ‘ಸೀಪಾ’ ಎಂಬ ಅಂತರರಾಷ್ಟ್ರೀಯ ಸಮಿತಿಯೇ ಇದೆ, 1968ರಿಂದ. ಸಾಧಾರಣ ಕ್ಯಾಮೆರಾದಿಂದ ದಾಖಲಿಸುವವರಿಗೆ ಅದು ಕೊಟ್ಟಿರುವ ‘3×3 ನಿಯಮ’ಗಳು ಒಂದೆರಡು ಪುಟದಲ್ಲಿ ಮುಗಿಯುತ್ತವೆ. ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಅಷ್ಟನ್ನು ಓದಿಕೊಳ್ಳಿ.

ಆಮೇಲೆ ಹಾನಿಯ ನಕ್ಷೆ. ಇಲ್ಲಿ ಪದ ಸರಿಯಿರಬೇಕು. ಸ್ಮಾರಕ, ತಾಣಗಳ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮಾಸ್‌ನ ಕಲ್ಲಿನ ಸಮಿತಿ 2008ರಲ್ಲಿ ಕಲ್ಲು ಹಾಳಾಗುವ ಬಗೆಗಳ ಸಚಿತ್ರ ಕೋಶವೊಂದನ್ನು ಹೊರತಂದಿತು, ಉಚಿತವಾಗಿ ಸಿಗುತ್ತದೆ. ಅದರಲ್ಲಿ ಹಾನಿಯನ್ನು ಐದು ಗುಂಪಾಗಿ ವಿಂಗಡಿಸಿದ್ದಾರೆ: ಬಿರುಕು ಮತ್ತು ರೂಪಗೆಡುವುದು, ಕಳಚಿ ಏಳುವುದು, ಸವೆದು ಹೋಗುವುದು, ಬಣ್ಣಗೆಡುವುದು ಮತ್ತು ಮೇಲೆ ಕೂರುವ ಪದರ, ಪಾಚಿ-ಗಿಡಗಳು. ‘ಕಲ್ಲು ಹಕ್ಕಳೆ ಏಳುತ್ತಿದೆ’ ಎಂದು ಬರೆದರೆ ಸಾಲದು. ಕಲ್ಲಿನ ಸಹಜ ಪದರದ ಗುಂಟವೇ ಎದ್ದರೆ ಅದು ಡೀಲ್ಯಾಮಿನೇಶನ್. ಪದರಕ್ಕೆ ಸಂಬಂಧವಿಲ್ಲದೆ ಮೇಲ್ಮೈಗೆ ಸಮಾನಾಂತರವಾಗಿ ಎದ್ದರೆ ಸ್ಕೇಲಿಂಗ್. ಮೊದಲನೆಯದಾದರೆ ಕಲ್ಲನ್ನು ಪದರ ನಿಂತಿರುವಂತೆ ಕೂರಿಸಿದ್ದಾರೆಯೇ ನೋಡುತ್ತೇನೆ, ಎರಡನೆಯದಾದರೆ ತೇವ ಮತ್ತು ಉಪ್ಪು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತೇನೆ. ಪದ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ.

ಕಡತದಲ್ಲಿ ಅತಿ ಹೆಚ್ಚು ತೂಕ ಇರುವ ಭಾಗ ಗಾರೆಯ ಪರೀಕ್ಷೆ ಮತ್ತು ಗೋಡೆಯ ಮೇಲೆ ಹೊಸ ಗಾರೆ ಹಾಕಿ ನೋಡುವ ಮಾದರಿ ತುಂಡು. ಇದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮಳೆ ಬೀಳದ, ಈಚೆಗೆ ಯಾರೂ ಮುಟ್ಟದ, ಕಲ್ಲುಗಳ ನಡುವಿನ ಸಂದಿನ ಒಳಭಾಗದಿಂದ ಉಳಿಯಲ್ಲಿ 50 ಗ್ರಾಂ ಗಾರೆ ತೆಗೆಯುತ್ತೇನೆ. ಮೊದಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ನೋಡುವುದು ಕಡ್ಡಾಯ. ಮರಳಿನಲ್ಲಿ ಚಿಪ್ಪಿನ ಚೂರು, ಸುಣ್ಣದಕಲ್ಲಿನ ಕಣ ಇದ್ದರೆ, ಗಾರೆಯ ಸುಣ್ಣ ಕರಗಿಸಲು ಮುಂದೆ ಬಳಸುವ ಆಮ್ಲ ಅವನ್ನೂ ತಿಂದುಬಿಡುತ್ತದೆ, ಲೆಕ್ಕ ಪೂರ್ತಿ ಸುಳ್ಳಾಗುತ್ತದೆ. ಅಂಥ ಗಾರೆಗೆ ಈ ವಿಧಾನ ಬಿಟ್ಟು ತೆಳು ಸೀಳಿನ ಸೂಕ್ಷ್ಮದರ್ಶಕ ಪರೀಕ್ಷೆಗೇ ಕಳಿಸಬೇಕು. ಕಣಗಳು ಬರೀ ಸ್ಫಟಿಕದ ಮರಳಾಗಿದ್ದರೆ, ಕೈಯಲ್ಲೇ ಪುಡಿಯಾಗುವಷ್ಟು ಮೆದುವಾಗಿ ಕುಟ್ಟಿ, ಒಣಗಿಸಿ, ತೂಗಿ, ಶೇ 10ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೊರೆ ನಿಲ್ಲುವವರೆಗೆ ಕರಗಿಸುತ್ತೇನೆ. ಕನ್ನಡಕ, ಕೈಗವಸು, ಗಾಳಿಯಾಡುವ ಜಾಗ ಬೇಕು. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಉಳಿದದ್ದನ್ನು ಸೋಸಿ, ತೊಳೆದು, ಒಣಗಿಸಿ ಮತ್ತೆ ತೂಕ.

ಲೆಕ್ಕ ತಪ್ಪುವುದು ಇದಾದ ಮೇಲೆ. 50 ಗ್ರಾಂನಲ್ಲಿ 12.5 ಗ್ರಾಂ ಕರಗಿತು ಎನ್ನೋಣ. ಕರಗಿದ್ದು ಗಟ್ಟಿಯಾದ ಕಾರ್ಬೊನೇಟ್, ಅದನ್ನು 0.74ರಿಂದ ಗುಣಿಸಿದರೆ ಮೊದಲು ಹಾಕಿದ್ದ ಅರಳಿದ ಸುಣ್ಣ 9.25 ಗ್ರಾಂ. ಉಳಿದ ಮರಳು 37.5 ಗ್ರಾಂ. ತೂಕದಲ್ಲಿ ಒಂದಕ್ಕೆ ಸುಮಾರು ನಾಲ್ಕು. ಇದನ್ನೇ ಹಿಡಿದು ಒಂದು ಬಾಂಡ್ಲಿ ಸುಣ್ಣಕ್ಕೆ ನಾಲ್ಕು ಬಾಂಡ್ಲಿ ಮರಳು ಕಲಸುವವರಿದ್ದಾರೆ; ಆ ಗಾರೆ ಉದುರುತ್ತದೆ. ಸುಣ್ಣದ ಪುಡಿ ಹಗುರ, ಲೀಟರಿಗೆ ಅರ್ಧ ಕೆ.ಜಿ.ಗಿಂತ ತುಸು ಹೆಚ್ಚು. ಮರಳು ಒಂದೂವರೆ ಕೆ.ಜಿ.ಗೂ ಮೇಲೆ. ಬಾಂಡ್ಲಿ ಅಳತೆಗೆ ತಂದರೆ ಅದು ಒಂದಕ್ಕೆ ಸುಮಾರು ಒಂದೂವರೆ. ಹಳೆಯ ಗಾರೆಗಳಲ್ಲಿ ನಾವಂದುಕೊಂಡದ್ದಕ್ಕಿಂತ ಹೆಚ್ಚು ಸುಣ್ಣ ಇರುತ್ತದೆ ಎನ್ನುವುದು ಗೊತ್ತಾಗುವುದೇ ಈ ಲೆಕ್ಕದಲ್ಲಿ.

ಅನಂತರ ಕಣ್ಣಿಗೆ ಬೀಳದ ಮೂಲೆಯಲ್ಲಿ, ಅನುಮತಿ ಪಡೆದು, ಒಂದೊಂದು ಚದರ ಮೀಟರಿನ ಮೂರು ತುಂಡು. ನೀರಿನಲ್ಲಿ ಅರಳಿಸಿದ ಸುಣ್ಣದ ಮುದ್ದೆ ಮತ್ತು ಮರಳು ಒಂದಕ್ಕೆ ಎರಡು, ಎರಡೂವರೆ, ಮೂರು. ಸಂದು 10 ಮಿ.ಮೀ. ಅಗಲವಿದ್ದರೆ 20ರಿಂದ 25 ಮಿ.ಮೀ. ಆಳಕ್ಕೆ ಹಳೆಯ ಗಾರೆ ಕೆತ್ತಬೇಕು. ಅಗಲದ ಎರಡರಿಂದ ಎರಡೂವರೆ ಪಟ್ಟು ಎಂಬುದು ನಿಯಮ. ಗ್ರೈಂಡರ್ ಬೇಡವೇ ಬೇಡ. ಅಡ್ಡ ಸಂದಿನಲ್ಲಿ ಹೇಗೋ ಓಡುತ್ತದೆ, ಮೇಲಿಂದ ಕೆಳಕ್ಕಿರುವ ಲಂಬ ಸಂದಿಗೆ ಬಂದಾಗ ಮೇಲಿನ ಕೆಳಗಿನ ಕಲ್ಲಿನ ಅಂಚು ಸೀಳುತ್ತದೆ, ಆ ಗಾಯ ಮಾಯುವುದಿಲ್ಲ. ಧೂಳು ಊದಿ, ಸಂದನ್ನು ನೆನೆಸಿ, ನೀರು ಹೊಳೆಯುವುದು ನಿಂತ ಮೇಲೆ ಸುಮಾರು 6 ಮಿ.ಮೀ. ಪದರಗಳಲ್ಲಿ ಒತ್ತಿ ತುಂಬುತ್ತೇನೆ. ಹೆಬ್ಬೆರಳು ಒತ್ತಿದರೆ ಗುರುತು ಬೀಳದಷ್ಟು ಬಿಗಿದ ಮೇಲೆ ಮುಂದಿನ ಪದರ. ಒಂದೇ ಸಲ ತುಂಬಿದರೆ ಒಳಗೆ ಹಸಿ, ಹೊರಗೆ ಬಿರುಕು. ಮೇಲೆ ಒದ್ದೆ ಗೋಣಿ ಇಳಿಬಿಟ್ಟು ಏಳು ದಿನ ತೇವ ಕಾಯಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ, ಆ ಕ್ರಿಯೆಗೆ ತೇವ ಬೇಕು. ಬಿಸಿಲಿಗೆ ಬೇಗ ಒಣಗಿದ ಗಾರೆ ಬೆರಳಿಗೆ ಸೀಮೆಸುಣ್ಣದಂತೆ ಹತ್ತುತ್ತದೆ. ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ಕಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು.

ಮೂರು ತುಂಡಿನ ಫೋಟೋ ಮೊದಲ ದಿನ, 28ನೇ ದಿನ, ಒಂದು ಮಳೆಗಾಲ ಕಳೆದ ಮೇಲೆ. ಬಣ್ಣ ಒಣಗಿದಾಗಲೂ ಒದ್ದೆಯಲ್ಲೂ ಹೋಲಿಸಿ ಬರೆಯುತ್ತೇನೆ. ಸಿಮೆಂಟ್ ಯಾಕೆ ಬೇಡ ಎಂಬ ವಾದವನ್ನೂ ಇಲ್ಲೇ ಎರಡು ವಾಕ್ಯದಲ್ಲಿ ಮುಗಿಸುತ್ತೇನೆ: ಸಂದು ಕಲ್ಲಿಗಿಂತ ಗಟ್ಟಿಯೂ ಬಿಗಿಯೂ ಆದರೆ ಗೋಡೆಯ ತೇವ ಕಲ್ಲಿನ ಮೂಲಕ ಹೊರಬರುತ್ತದೆ. ಉಪ್ಪು ಅಲ್ಲೇ ಹರಳುಗಟ್ಟಿ ಕಲ್ಲಿನ ಮೈ ಒಡೆಯುತ್ತದೆ, ಸಿಮೆಂಟಿನ ಸಂದು ಮಾತ್ರ ಹೊರಗೆ ಚಾಚಿಕೊಂಡು ನಿಲ್ಲುತ್ತದೆ.

ಓದುವುದಕ್ಕೆ ದುಡ್ಡು ಖರ್ಚಾಗಬೇಕಿಲ್ಲ. ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಪ್ರಿಸರ್ವೇಶನ್ ಬ್ರೀಫ್ಸ್ ಮಾಲೆಯಲ್ಲಿ ಎರಡನೆಯದೇ ಸಂದು ತುಂಬುವುದರ ಬಗ್ಗೆ, 43ನೆಯದು ಕಟ್ಟಡದ ಇತಿಹಾಸ-ಸ್ಥಿತಿ ವರದಿ ಬರೆಯುವುದರ ಬಗ್ಗೆ. ಗೆಟ್ಟಿ ಕನ್ಸರ್ವೇಶನ್ ಇನ್‌ಸ್ಟಿಟ್ಯೂಟ್ ತನ್ನ ಬಹಳಷ್ಟು ಪ್ರಕಟಣೆಗಳನ್ನು ಪೂರ್ಣರೂಪದಲ್ಲಿ ಉಚಿತವಾಗಿ ಕೊಡುತ್ತದೆ. ಸಂಶೋಧನಾ ಲೇಖನಗಳ ಸಾರಾಂಶ ಹುಡುಕಲು ಅದರ ಆಟಾ ಆನ್‌ಲೈನ್ ಇದೆ. ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್‌ನ ಕಿರುಕೈಪಿಡಿಗಳು, ವಸ್ತುಗಳ ಮಟ್ಟಿಗೆ ಕೆನಡಾದ ಸಂರಕ್ಷಣಾ ಸಂಸ್ಥೆಯ ಟಿಪ್ಪಣಿಗಳು ಕೆಲಸದ ಜಾಗದಲ್ಲೇ ತೆರೆದು ನೋಡುವಂಥವು. ಒಂದು ಎಚ್ಚರಿಕೆ: ಇವೆಲ್ಲ ಬರೆದವರ ಹವೆ, ಅವರ ಕಲ್ಲಿಗೆ ತಕ್ಕಂತೆ ಬರೆದವು. ಹಿಮ ಬೀಳುವ ಕಡೆಯ ಗಾರೆಯ ಸೂತ್ರವನ್ನು ಬಿಸಿಲ ನಾಡಿಗೆ ಹಾಗೇ ತರಬಾರದು. ವಿಧಾನ ತೆಗೆದುಕೊಂಡು ಪ್ರಮಾಣವನ್ನು ಮಾದರಿ ತುಂಡಿನಿಂದ ಕಂಡುಕೊಳ್ಳಬೇಕು.

ತರಬೇತಿಗೆ ನಾನು ಮೊದಲು ನೋಡುವುದು ರೋಮ್‌ನ ಇಕ್ರಾಮ್ ಪ್ರಕಟಣೆಗಳನ್ನು. 1956ರಲ್ಲಿ ಯುನೆಸ್ಕೋ ನಿರ್ಧರಿಸಿ 1959ರಲ್ಲಿ ಆರಂಭವಾದ, ಪರಂಪರೆಯ ಸಂರಕ್ಷಣೆಗೆಂದೇ ಇರುವ ಅಂತರಸರ್ಕಾರಿ ಸಂಸ್ಥೆ ಅದು. ಕಲ್ಲಿನ ಕೋರ್ಸಿನ ಪರಂಪರೆ 1976ರ ವೆನಿಸ್‌ನಿಂದ ಬಂದದ್ದು, ಮರದ ಸಂರಕ್ಷಣೆಯದು 1984ರಲ್ಲಿ ನಾರ್ವೆಯಲ್ಲಿ ಶುರುವಾದದ್ದು. ವಿಪತ್ತಿನ ಹೊತ್ತಿನ ಪ್ರಥಮ ಚಿಕಿತ್ಸೆಗೆ ಬೇರೆಯೇ ತರಬೇತಿ, ಉಚಿತ ಕೈಪಿಡಿ ಇವೆ. ಇಂಥ ಕೋರ್ಸುಗಳಲ್ಲಿ ಜಾಗ ಕಡಿಮೆ. ಕೆಲಸದಲ್ಲಿ ಇರುವವರಿಗೇ, ಹಿಂದಿರುಗಿ ಬೇರೆಯವರಿಗೆ ಕಲಿಸಬಲ್ಲವರಿಗೇ ಆದ್ಯತೆ. ‘ಈ ಕೋರ್ಸ್ ನಿಮಗೇಕೆ’ ಎಂಬ ಕಲಂನಲ್ಲಿ ಆಸಕ್ತಿ, ಅಭಿಮಾನ ಬರೆದು ಜಾಗ ತುಂಬಿಸಬೇಡಿ. ಕಡತದ ಒಂದು ಬಗೆಹರಿಯದ ಸಮಸ್ಯೆ ಇಡಿ: ‘ಉತ್ತರದ ಗೋಡೆಯಲ್ಲಿ ನೆಲದಿಂದ 1.2 ಮೀಟರ್‌ವರೆಗೆ ಉಪ್ಪು ಬಿಳಿಯಾಗಿ ಹೊರಬಂದಿದೆ, ಮೂರು ಗಾರೆ ಪ್ರಯತ್ನಿಸಿದೆ, ಎರಡು ಸೋತವು, ಚಿತ್ರ ಇಲ್ಲಿದೆ.’ ಆಯ್ಕೆದಾರರಿಗೆ ಅಭ್ಯರ್ಥಿ ಕಾಣುವುದು ಆ ಸಾಲಿನಲ್ಲಿ. ಮೇಲಧಿಕಾರಿಯ ಶಿಫಾರಸು ಪತ್ರದಲ್ಲಿಯೂ ಅದೇ ಗೋಡೆಯ ಹೆಸರು ಬರುವಂತೆ ನೋಡಿಕೊಳ್ಳಿ.

ಕೈಕೆಲಸದವರಿಗೆ ದಾರಿ ಬೇರೆ, ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಮುಖ್ಯ. ಗಾರೆ, ಮರ, ಸೀಸ, ಹೆಂಚಿನ ಕೆಲಸ ಬಲ್ಲವರಿಲ್ಲದೆ ವರದಿಗಳಿಂದ ಯಾವ ಗೋಡೆಯೂ ನಿಲ್ಲುವುದಿಲ್ಲ. ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಹಳೆಯ ಕಟ್ಟಡಗಳ ರಕ್ಷಣೆಗಿರುವ ಬ್ರಿಟನ್ನಿನ ಸ್ಪಾಬ್ ಸಂಸ್ಥೆ ವಾಸ್ತುಶಿಲ್ಪಿಗಳಿಗೂ ಎಂಜಿನಿಯರುಗಳಿಗೂ 1930ರಿಂದ, ಕುಶಲಕರ್ಮಿಗಳಿಗೂ ಆಮೇಲಿಂದ, ಕಟ್ಟಡದಿಂದ ಕಟ್ಟಡಕ್ಕೆ ಸುತ್ತುತ್ತ ಕಲಿಯುವ ಫೆಲೋಶಿಪ್ ನಡೆಸುತ್ತ ಬಂದಿದೆ. ಫ್ರಾನ್ಸಿನಲ್ಲಿ 1966ರಿಂದ ಇರುವ ರಂಪಾರ್ ಒಕ್ಕೂಟದ ಕಟ್ಟಡ ದುರಸ್ತಿ ಶಿಬಿರಗಳಿಗೆ ಅನುಭವವಿಲ್ಲದವರೂ ಸೇರಬಹುದು. ರೊಮೇನಿಯಾದ ಬೊಂಟ್ಸಿಡಾ ಕೋಟೆಮನೆಯಲ್ಲಿ 2001ರಲ್ಲಿ ಶುರುವಾದ ತರಬೇತಿ ಕೇಂದ್ರದಲ್ಲಿ ಶಿಥಿಲ ಕಟ್ಟಡವೇ ಪಾಠಶಾಲೆ. ಕಲಿಯುವವರು ಕಟ್ಟಿದ್ದು ಅಲ್ಲೇ ಉಳಿಯುತ್ತದೆ. ಶಿಬಿರ ಆಯ್ಕೆ ಮಾಡುವಾಗ ನಾನು ವಿಚಾರಿಸುವುದು ಇಷ್ಟು: ಒಬ್ಬ ಮೇಸ್ತ್ರಿಗೆ ಎಷ್ಟು ಜನ, ವಿಮೆ ಯಾರದು, ಎತ್ತರದಲ್ಲಿ ನಿಂತು ಕೆಲಸ ಮಾಡುವ ಅಟ್ಟಣಿಗೆ ಯಾರು ಪರೀಕ್ಷಿಸುತ್ತಾರೆ. ಒಬ್ಬರಿಗೆ ಎಂಟು ಜನಕ್ಕಿಂತ ಹೆಚ್ಚಾದರೆ ಕಲಿಯುವುದು ಕಲ್ಲು ಹೊರುವುದನ್ನಷ್ಟೇ.

ಇನ್ನು ಹಣ. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಎರಡು ವರ್ಷಕ್ಕೊಮ್ಮೆ ಅಪಾಯದಲ್ಲಿರುವ ತಾಣಗಳ ‘ವಾಚ್’ ಪಟ್ಟಿ ಮಾಡುತ್ತದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಹಣ ಬರುವುದಿಲ್ಲ, ಗಮನ ಬರುತ್ತದೆ, ಅದರಿಂದ ಬೇರೆ ಬಾಗಿಲು ತೆರೆಯುತ್ತದೆ. ಯುದ್ಧ, ಸಂಘರ್ಷದಿಂದ ಹಾನಿಯಾದ ಕಡೆಗೆ 2017ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದ ಅಲಿಫ್ ಎಂಬ ನಿಧಿ ಇದೆ. ಕಟ್ಟಡಕ್ಕಲ್ಲದೆ ಕಟ್ಟುವ ವಿದ್ಯೆಗೆ ಹಣ ಬೇಕಾದರೆ ಬ್ರಿಟಿಷ್ ಮ್ಯೂಸಿಯಂನ ಎಂಡೇಂಜರ್ಡ್ ಮೆಟೀರಿಯಲ್ ನಾಲೆಡ್ಜ್ ಪ್ರೋಗ್ರಾಂ ನೋಡಿ: ಅಳಿಯುತ್ತಿರುವ ಕೈಕಸುಬಿನ ಕ್ರಮವನ್ನು ವಿಡಿಯೊ, ಮಾತು, ಚಿತ್ರಗಳಲ್ಲಿ ದಾಖಲಿಸಲು ಅದು ಅನುದಾನ ಕೊಡುತ್ತದೆ, ದಾಖಲೆ ಎಲ್ಲರಿಗೂ ತೆರೆದಿರಬೇಕು. ಹೀಗಾಗಿ ಕಸುಬುದಾರರ ಲಿಖಿತ ಒಪ್ಪಿಗೆ ಮೊದಲೇ ಬೇಕು. ಯಾವುದನ್ನು ತೋರಿಸಬಾರದು ಎಂದು ಅವರು ಹೇಳಿದರೆ ಅದನ್ನೂ ಬರೆದಿಡಬೇಕು.

ಬಜೆಟ್ಟಿನಲ್ಲಿ ಎಲ್ಲರೂ ಮರೆಯುವ ಸಾಲುಗಳು ಅಟ್ಟಣಿಗೆಯ ಬಾಡಿಗೆ, ಮಳೆ ಹೊದಿಕೆ, ಗಾರೆ ಪರೀಕ್ಷೆ, ಸುಣ್ಣ ನೆನೆಸಿಡುವ ಸಮಯ, ಕೊನೆಯ ದಾಖಲೀಕರಣ. ಸುಟ್ಟ ಸುಣ್ಣವನ್ನು ಅರಳಿಸಿ ಕನಿಷ್ಠ ಮೂರು ತಿಂಗಳು ನೀರಿನಡಿ ಇಡುತ್ತೇನೆ. ಅಂದರೆ ಕೆಲಸ ಶುರುವಾಗುವ ದಿನದಿಂದ ಮೂರು ತಿಂಗಳು ಹಿಂದಕ್ಕೆ ಎಣಿಸಿ ಮೊದಲ ಕಂತು ಕೈಗೆ ಬರಬೇಕು. ಅನಿರೀಕ್ಷಿತ ಖರ್ಚಿಗೆ ಶೇ 15, ಛಾವಣಿ ಬಿಚ್ಚುವ ಕೆಲಸವಾದರೆ ಶೇ 20 ಇಡುತ್ತೇನೆ. ತೊಲೆಯ ತುದಿ ಗೋಡೆಯೊಳಗೆ ಎಷ್ಟು ಕೊಳೆತಿದೆ ಎಂದು ಹೆಂಚು ಇಳಿಸುವವರೆಗೆ ಯಾರಿಗೂ ಕಾಣುವುದಿಲ್ಲ. ಮಾಲೀಕರ ಅನುಮತಿ ಪತ್ರ, ಕಾನೂನಿನ ರಕ್ಷಣೆ ಇದ್ದರೆ ಆ ಇಲಾಖೆಯ ಅನುಮತಿ, ಎರಡಕ್ಕೂ ದಿನಾಂಕ ಇರಬೇಕು. ಅರ್ಜಿ ಬಿದ್ದುಹೋಗುವುದು ಬಹುಪಾಲು ಈ ಕಾಗದಗಳು ಇಲ್ಲದ್ದರಿಂದ. ಕೆಲಸ ಮುಗಿದ ಮೇಲೆ ಐದು ವರ್ಷ ಗಟಾರ, ಛಾವಣಿಯ ನೀರು ಹರಿಯುವ ದೋಣಿ ತೊಳೆಯುವವರು ಯಾರು ಎಂದು ಒಂದು ಪುಟದಲ್ಲಿ ಬರೆದು ಸೇರಿಸಿ. ನೀರು ಹೋಗುವ ದಾರಿ ಕಟ್ಟಿಕೊಂಡರೆ ಹಾಕಿದ ಗಾರೆಯೆಲ್ಲ ಎರಡೇ ಮಳೆಗೆ ಹೋಗುತ್ತದೆ.

ತಿರಸ್ಕಾರ ಬಂದರೆ ಕಾರಣ ಕೇಳಿ ಬರೆಯುತ್ತೇನೆ, ಕೆಲವರು ಕೊಡುತ್ತಾರೆ. ಬಂದ ಟಿಪ್ಪಣಿಯನ್ನು ಅದೇ ಕಡತದಲ್ಲಿ ಸೇರಿಸಿ, ಕೊರತೆ ಎಂದದ್ದನ್ನು ಗೋಡೆಯ ಬಳಿ ಹೋಗಿ ಮಾಡಿ ಬರುತ್ತೇನೆ: ಇನ್ನೊಂದು ತುಂಡು, ಇನ್ನೊಂದು ಮಳೆಗಾಲದ ಫೋಟೋ. ಕಡತದ ಮೂರು ಪ್ರತಿ ಇಡುತ್ತೇನೆ, ಒಂದು ಬೇರೆ ಕಟ್ಟಡದಲ್ಲಿ. ಚಿತ್ರಗಳು ಟಿಫ್ ರೂಪದಲ್ಲಿ, ಹೆಸರಿನಲ್ಲಿ ದಿನಾಂಕ ಮತ್ತು ಗೋಡೆಯ ಸಂಖ್ಯೆ. ಅನುದಾನ ಸಿಕ್ಕಲಿ ಬಿಡಲಿ, ಒಂದು ಪ್ರತಿ ಹತ್ತಿರದ ಗ್ರಂಥಾಲಯಕ್ಕೋ ದಾಖಲಾಗಾರಕ್ಕೋ ಕೊಟ್ಟು ರಸೀದಿ ಪಡೆಯುತ್ತೇನೆ.