ವಿಂಡೋಸ್ 10ರಿಂದ 11ಕ್ಕೆ: ನಮ್ಮ ಮನೆ ಕಂಪ್ಯೂಟರ್ ದಾಟಿದ ಬಗೆ

ಪಿಸಿ ಹೆಲ್ತ್ ಚೆಕ್ ಅನ್ನುವ ಪುಟ್ಟ ಪ್ರೋಗ್ರಾಂ ಓಡಿಸಿದಾಗ ಬಂದ ಉತ್ತರ ಇದು: ಈ ಪಿಸಿ ಸದ್ಯಕ್ಕೆ ವಿಂಡೋಸ್ 11ಕ್ಕೆ ಬೇಕಾದಂತೆ ಇಲ್ಲ. ಮನೆಯಲ್ಲಿ ಎಲ್ಲರೂ 'ಇಲ್ಲ' ಅನ್ನುವುದನ್ನಷ್ಟೇ ಓದಿದರು. ಹೊಸ ಕಂಪ್ಯೂಟರ್ ಕೊಳ್ಳುವ ಮಾತು ಶುರುವಾಯಿತು. ನನ್ನ ಕಣ್ಣು ಮಾತ್ರ 'ಸದ್ಯಕ್ಕೆ' ಅನ್ನುವ ಪದದ ಮೇಲೆ ನಿಂತಿತ್ತು.

ನಮ್ಮದು ಇಂಟೆಲ್ ಎಂಟನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ಡೆಸ್ಕ್‌ಟಾಪ್. 8 ಜಿಬಿ ರ‍್ಯಾಮ್. ವಿಂಡೋಸ್ ಇರುವುದು 256 ಜಿಬಿಯ ಎಸ್‌ಎಸ್‌ಡಿಯಲ್ಲಿ, ಫೋಟೋಗಳು 1 ಟಿಬಿಯ ಹಾರ್ಡ್ ಡಿಸ್ಕ್‌ನಲ್ಲಿ. ಅಪ್ಪ ಇದರಲ್ಲೇ ಬರೆಯುತ್ತಾರೆ, ಅಮ್ಮ ಬ್ಯಾಂಕಿನ ಕೆಲಸ ಮಾಡುತ್ತಾರೆ. ಚೆನ್ನಾಗಿ ಓಡುತ್ತಿದ್ದ ಯಂತ್ರ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು, ಅಷ್ಟೇ. ಆ ದಿನ ಕಂಪ್ಯೂಟರ್ ಕೆಟ್ಟು ನಿಲ್ಲುವುದಿಲ್ಲ. ಆದರೆ ಹೊಸದಾಗಿ ಕಾಣುವ ತೂತುಗಳಿಗೆ ತೇಪೆ ಬರುವುದು ನಿಲ್ಲುತ್ತದೆ. ಮನೆ ಕಂಪ್ಯೂಟರ್‌ಗಳಿಗೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತೆಯ ಅಪ್‌ಡೇಟ್ ಮುಂದುವರಿಸಿಕೊಳ್ಳುವ ದಾರಿಯೂ ಇತ್ತು. ನಾನು ಅದನ್ನು ಹಿಡಿಯಲಿಲ್ಲ. ಅಮ್ಮ ಹಣ ಕಳಿಸುವ ಕಂಪ್ಯೂಟರ್ ಇದು. ಇವತ್ತಲ್ಲ ನಾಳೆ ಮಾಡಲೇಬೇಕಾದ ಕೆಲಸ, ಬಿಡುವಿರುವಾಗಲೇ ಮುಗಿಸೋಣ ಅನ್ನಿಸಿತು.

ಹೆಲ್ತ್ ಚೆಕ್‌ನ ಪಟ್ಟಿಯನ್ನು ಪೂರ್ತಿ ಬಿಚ್ಚಿ ನೋಡಿದೆ. ಪ್ರೊಸೆಸರ್ ಸರಿ, ರ‍್ಯಾಮ್ ಸರಿ, ಜಾಗ ಸರಿ. ತಪ್ಪು ಗುರುತು ಬಿದ್ದಿದ್ದು ಎರಡಕ್ಕೆ: ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್. ಟಿಪಿಎಂ ಅಂದರೆ ಬೀಗದ ಕೀಲಿಗಳನ್ನು ಭದ್ರವಾಗಿ ಇಟ್ಟುಕೊಳ್ಳುವ ಒಂದು ಏರ್ಪಾಡು. ಅದಕ್ಕೆ ಬೇರೆ ಚಿಪ್ ಹಾಕಿಸಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಈ ಕಾಲದ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಅದು ಒಳಗೇ ಇರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ ಅನ್ನುತ್ತಾರೆ, ಎಎಂಡಿಯಲ್ಲಿ ಎಫ್‌ಟಿಪಿಎಂ. ನಮ್ಮದರಲ್ಲೂ ಇತ್ತು. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಏಳುವ ಒಳಗಿನ ಪ್ರೋಗ್ರಾಂನ ಸೆಟ್ಟಿಂಗ್ಸ್‌ನಲ್ಲಿ, ಆಫ್ ಆಗಿತ್ತು.

ಸೆಕ್ಯೂರ್ ಬೂಟ್ ಅಂದರೆ ಕಂಪ್ಯೂಟರ್ ಏಳುವಾಗ ನಂಬಿಕಸ್ಥ ಪ್ರೋಗ್ರಾಂಗಳನ್ನಷ್ಟೇ ಓಡಲು ಬಿಡುವ ಕಾವಲು. ಅದು ಅಷ್ಟು ಸಲೀಸಾಗಿರಲಿಲ್ಲ. ವಿಂಡೋಸ್ ಕೀ ಜೊತೆ ಆರ್ ಒತ್ತಿ ಎಂಎಸ್‌ಇನ್ಫೋ32 ಅಂತ ಟೈಪ್ ಮಾಡಿದರೆ ಒಂದು ಪುಟ ಬರುತ್ತದೆ. ಅದರಲ್ಲಿ 'ಬಯಾಸ್ ಮೋಡ್' ಎದುರು 'ಲೆಗಸಿ' ಅಂತ ಇತ್ತು. ಮೊದಲ ಸಲ ವಿಂಡೋಸ್ ಹಾಕಿದವನು ನಾನೇ, ಹಳೆ ರೀತಿಯಲ್ಲಿ ಹಾಕಿದ್ದೆ. ಡಿಸ್ಕನ್ನು ವಿಭಾಗಗಳಾಗಿ ಹಂಚಿದ್ದೂ ಎಂಬಿಆರ್ ಅನ್ನುವ ಹಳೆಯ ಜೋಡಣೆಯಲ್ಲಿತ್ತು. ಸೆಕ್ಯೂರ್ ಬೂಟ್‌ಗೆ ಬಯಾಸ್‌ನ ಹೊಸ ರೂಪವಾದ ಯುಇಎಫ್ಐ ಬೇಕು, ಯುಇಎಫ್ಐನಲ್ಲಿ ವಿಂಡೋಸ್ ಏಳಬೇಕಾದರೆ ಡಿಸ್ಕ್ ಜಿಪಿಟಿ ಅನ್ನುವ ಹೊಸ ಜೋಡಣೆಯಲ್ಲಿರಬೇಕು. ಅಂದರೆ ಹೊಸ ವಿಂಡೋಸ್ ಮುಟ್ಟುವ ಮೊದಲು ಡಿಸ್ಕಿನ ಬುನಾದಿಯನ್ನೇ ಬದಲಿಸಬೇಕಿತ್ತು.

ಬುನಾದಿಗೆ ಕೈ ಹಾಕುವ ಮೊದಲು ಬ್ಯಾಕಪ್. ನನ್ನ ಹೆಚ್ಚಿನ ಸಮಯ ಹೋಗಿದ್ದು ಇಲ್ಲೇ, ಒಂದು ಪೂರ್ತಿ ದಿನ. ಆ ದಿನ ವ್ಯರ್ಥವಾಗಲಿಲ್ಲ.

ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿದೆ. ಬ್ರೌಸರ್‌ನ ಬುಕ್‌ಮಾರ್ಕ್ ತೆಗೆದಿಟ್ಟೆ. ಎಷ್ಟು ಫೈಲ್ ಇದ್ದವೋ ಅಷ್ಟೂ ಆಚೆ ಬಂದಿವೆಯಾ ಅಂತ ಎರಡೂ ಕಡೆಯ ಲೆಕ್ಕ ಹೋಲಿಸಿದೆ. ಲೆಕ್ಕ ಸರಿಹೊಂದಿತು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನಗೊಂದು ಅಭ್ಯಾಸ ಇದೆ. ಬ್ಯಾಕಪ್ ತೆಗೆದುಕೊಂಡ ಕಂಪ್ಯೂಟರ್‌ನಲ್ಲೇ ಅದನ್ನು ಪರೀಕ್ಷೆ ಮಾಡುವುದಿಲ್ಲ. ಇನ್ನೊಂದರಲ್ಲಿ ತೆರೆದು ನೋಡುತ್ತೇನೆ. ಹೊರಗಿನ ಡಿಸ್ಕನ್ನು ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ.

ಅಪ್ಪನ ಬರಹದ ಫೋಲ್ಡರ್ ತೆರೆದೆ. ಮೊದಲ ಫೈಲ್ ಬಂತು. ಅಕ್ಷರದ ಆಕಾರ ಕೊಂಚ ಬೇರೆ ಅನ್ನಿಸಿತು, ಓದಲು ಏನೂ ತೊಂದರೆ ಇರಲಿಲ್ಲ. ಎರಡನೆಯದು ತೆರೆದೆ. ಒಂದಕ್ಷರ ಕನ್ನಡ ಇಲ್ಲ! 'ಕನ್ನಡ' ಅಂತ ಇರಬೇಕಾದ ಕಡೆ ಮೊದಲು ಇಂಗ್ಲಿಷಿನ ದೊಡ್ಡ ಪಿ. ಪಕ್ಕದಲ್ಲಿ ತಲೆ ಮೇಲೆ ಓರೆ ಗೀಟಿರುವ ಎ. ಆಮೇಲೆ ಪೌಂಡ್ ಹಣದ ಗುರುತು. ಪುಟದ ತುಂಬಾ ಇದೇ. ಹಿಂದೆ ನಿಂತು ನೋಡುತ್ತಿದ್ದ ಅಪ್ಪ, "ನನ್ನ ಬರಹ ಎಲ್ಲಿ ಹೋಯ್ತೋ?" ಅಂದರು. ಇಪ್ಪತ್ತು ವರ್ಷ ಬರೆದಿದ್ದು ಅದು.

ಎಲ್ಲೂ ಹೋಗಿರಲಿಲ್ಲ. ಮೊದಲ ಫೈಲ್ ಯುನಿಕೋಡ್‌ನದು, ತುಂಗಾ ಫಾಂಟಿನಲ್ಲಿ ಬರೆದದ್ದು. ಲ್ಯಾಪ್‌ಟಾಪಿನಲ್ಲಿ ತುಂಗಾ ಇರಲಿಲ್ಲ. ಆದರೆ ಯುನಿಕೋಡ್‌ನಲ್ಲಿ 'ಕ' ಅಂದರೆ ಎಲ್ಲ ಕಂಪ್ಯೂಟರಿಗೂ 'ಕ'ನೇ. ಹಾಗಾಗಿ ವಿಂಡೋಸ್ ತನ್ನ ಬಳಿ ಇದ್ದ ನಿರ್ಮಲಾ ಫಾಂಟಿನಲ್ಲಿ ಅದನ್ನು ತೋರಿಸಿತು. ಎರಡನೆಯದು ಯುನಿಕೋಡ್ ಬಳಕೆಗೆ ಬರುವ ಮೊದಲಿನ ರೀತಿಯ ನುಡಿ ಫಾಂಟಿನದು. ಆಗಿನ ಉಪಾಯವೇ ಬೇರೆ. ಇಂಗ್ಲಿಷ್ ಅಕ್ಷರ, ಗುರುತುಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಿದ್ದರು. ಫೈಲಿನ ಒಳಗೆ ಇರುವುದು ಪಿ, ಎ, ಪೌಂಡ್ ಗುರುತೇ. ಅದಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವಾಗುವುದೇ ಇಲ್ಲ. ಅಪ್‌ಗ್ರೇಡ್ ಕೈಕೊಟ್ಟು ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವ ಹೊತ್ತು ಬಂದಿದ್ದರೆ, ಆ ಬ್ಯಾಕಪ್‌ನಲ್ಲಿ ಅಪ್ಪನ ಅರ್ಧ ಬರಹ ಓದಲು ಬರುತ್ತಿರಲಿಲ್ಲ.

ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ಗೆ ಹೋಗಿ ನುಡಿಯ ಎಲ್ಲ ಫಾಂಟ್ ಫೈಲ್‌ಗಳನ್ನೂ ಹೊರಗಿನ ಡಿಸ್ಕ್‌ಗೆ ತಂದೆ. ಒಂದನ್ನು ಲ್ಯಾಪ್‌ಟಾಪಿನಲ್ಲಿ ಇನ್‌ಸ್ಟಾಲ್ ಮಾಡಿ ಅದೇ ಫೈಲನ್ನು ಮತ್ತೆ ತೆರೆದೆ. ಪುಟ ಕನ್ನಡವಾಯಿತು. ಅಪ್ಪ ಕುರ್ಚಿ ಎಳೆದುಕೊಂಡು ಕೂತು ಮೊದಲ ಪ್ಯಾರಾ ಪೂರ್ತಿ ಓದಿದರು. ನಿಮ್ಮ ಮನೆಯಲ್ಲೂ ನುಡಿ ಅಥವಾ 'ಬರಹ' ತಂತ್ರಾಂಶದಲ್ಲಿ ಮಾಡಿದ ಹಳೆಯ ಫೈಲ್‌ಗಳಿದ್ದರೆ ದಯವಿಟ್ಟು ಫಾಂಟನ್ನೂ ಜೊತೆಗೆ ತೆಗೆದಿಡಿ.

ಇನ್ನೊಂದು ಎಚ್ಚರಿಕೆ, ಇದು ಲ್ಯಾಪ್‌ಟಾಪ್ ಇರುವವರಿಗೆ ಮುಖ್ಯ. ಡಿಸ್ಕ್‌ಗೆ ಬೀಗ ಹಾಕಿಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದ್ದರೆ, ಬಯಾಸ್‌ನಲ್ಲಿ ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಮುಟ್ಟಿದ ಕೂಡಲೇ 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿಲ್ಲದಿದ್ದರೆ ನಿಮ್ಮದೇ ಡಿಸ್ಕ್ ನಿಮಗೆ ತೆರೆಯುವುದಿಲ್ಲ. ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಿಯೇ ಮುಂದೆ ಹೋಗಿ. ನಮ್ಮ ಡೆಸ್ಕ್‌ಟಾಪಿನಲ್ಲಿ ಅದು ಆನ್ ಆಗಿರಲಿಲ್ಲ. ಆದರೂ ನೋಡಿ ಖಚಿತ ಮಾಡಿಕೊಂಡೆ.

ಇನ್ನು ಡಿಸ್ಕ್. ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸಲು ಎಲ್ಲ ಅಳಿಸಬೇಕಾಗಿಲ್ಲ. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಒಳಗೇ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಓಡಿಸಬೇಕು. ಅದಕ್ಕೆ 'ವ್ಯಾಲಿಡೇಟ್' ಅಂತ ಸೇರಿಸಿದರೆ ಏನನ್ನೂ ಬದಲಿಸದೆ ಸುಮ್ನೆ ಪರೀಕ್ಷೆ ಮಾತ್ರ ಮಾಡುತ್ತದೆ. 'ಕನ್ವರ್ಟ್' ಅಂದರೆ ಬದಲಿಸಿಯೇ ಬಿಡುತ್ತದೆ. ವಿಂಡೋಸ್ ಓಡುತ್ತಿರುವಾಗಲೇ ಮಾಡುವುದಾದರೆ 'ಅಲೋ ಫುಲ್ ಓಎಸ್' ಅನ್ನುವುದನ್ನೂ ಸೇರಿಸಬೇಕು. ಪರೀಕ್ಷೆ ಪಾಸಾಗದೆ ಬದಲಿಸಲು ಹೋಗಬೇಡಿ.

ನನ್ನ ಪರೀಕ್ಷೆ ಪಾಸಾಗಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿದಾಗ ಕಾರಣ ಗೊತ್ತಾಯಿತು. ಎಸ್‌ಎಸ್‌ಡಿಯ ಕೊನೆಯಲ್ಲಿ ಹಸಿರು ಗೆರೆಯ ಚೌಕಟ್ಟು, ಅದರೊಳಗೆ ಒಂದು ಸಣ್ಣ ವಿಭಾಗ. ಹಸಿರು ಅಂದರೆ ಎಕ್ಸ್‌ಟೆಂಡೆಡ್ ಪಾರ್ಟಿಷನ್. ಅಂಥದ್ದು ಇದ್ದರೆ ಈ ಕಮಾಂಡ್ ಒಪ್ಪುವುದಿಲ್ಲ. ಪ್ರೈಮರಿ ಪಾರ್ಟಿಷನ್‌ಗಳೂ ಮೂರಕ್ಕಿಂತ ಜಾಸ್ತಿ ಇರಬಾರದು. ಆ ಸಣ್ಣ ವಿಭಾಗದಲ್ಲಿದ್ದ ಹಳೆಯ ಇನ್‌ಸ್ಟಾಲರ್‌ಗಳನ್ನು ದೊಡ್ಡ ಡಿಸ್ಕ್‌ಗೆ ಸಾಗಿಸಿ, ವಿಭಾಗವನ್ನೂ ಅದರ ಚೌಕಟ್ಟನ್ನೂ ಅಳಿಸಿದೆ. ಮತ್ತೆ ಪರೀಕ್ಷೆ. ಈ ಸಲ ಪಾಸು. ಕನ್ವರ್ಟ್ ಕೊಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇನ್ನು ಫರ್ಮ್‌ವೇರನ್ನು (ಅಂದರೆ ಬಯಾಸನ್ನು) ಯುಇಎಫ್ಐ ಮೋಡ್‌ಗೆ ಬದಲಿಸಿ ಅಂತ ಕೊನೆಯಲ್ಲಿ ಅದೇ ಹೇಳಿತು. ಫೋಟೋಗಳಿರುವ ದೊಡ್ಡ ಡಿಸ್ಕನ್ನು ಬದಲಿಸಬೇಕಾಗಿರಲಿಲ್ಲ. ವಿಂಡೋಸ್ ಏಳುವ ಡಿಸ್ಕ್ ಒಂದು ಜಿಪಿಟಿ ಆದರೆ ಸಾಕು.

ಬಯಾಸ್‌ಗೆ ಹೋದ ಮೇಲೆ ಏನನ್ನೂ ಮುಟ್ಟುವ ಮೊದಲು ಪ್ರತಿ ಪುಟದ ಫೋಟೋ ಫೋನಿನಲ್ಲಿ ತೆಗೆದುಕೊಂಡೆ. ಆಮೇಲೆ ಹಳೆ ರೀತಿಯಲ್ಲಿ ಏಳಲು ಬಿಡುವ ಸಿಎಸ್‌ಎಂ ಆಫ್, ಪಿಟಿಟಿ ಆನ್. ಸೇವ್ ಮಾಡಿ ಹೊರಗೆ ಬಂದೆ. ಪರದೆ ಕಪ್ಪಾಯಿತು. ಬೂಟ್ ಆಗುವ ಡಿಸ್ಕ್ ಇಲ್ಲ ಅಂತ ಬಿಳಿ ಅಕ್ಷರದ ಒಂದೇ ಸಾಲು. ಎದೆ ಧಸಕ್ಕೆಂದಿತು. ಮತ್ತೆ ಬಯಾಸ್‌ಗೆ ಹೋಗಿ ಬೂಟ್ ಪಟ್ಟಿ ನೋಡಿದೆ. ಮೊದಲ ಸ್ಥಾನದಲ್ಲಿ ಫೋಟೋಗಳ ಹಾರ್ಡ್ ಡಿಸ್ಕ್ ಕೂತಿತ್ತು. ಕೆಳಗೆ 'ವಿಂಡೋಸ್ ಬೂಟ್ ಮ್ಯಾನೇಜರ್' ಅಂತ ಹೊಸದೊಂದು ಸಾಲು ಬಂದಿತ್ತು. ಅದನ್ನು ಮೇಲಕ್ಕೆ ತಂದೆ. ಹಳೆಯ ವಿಂಡೋಸ್ 10 ಎಂದಿನಂತೆ ಎದ್ದು ಕೂತಿತು.

ಅದು ಎದ್ದ ಮೇಲೇ ಸೆಕ್ಯೂರ್ ಬೂಟ್ ಆನ್ ಮಾಡಿದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಎಲ್ಲಿ ತಪ್ಪಿತು ಅಂತ ಹುಡುಕುವುದು ಕಷ್ಟ. ಒಂದು ಬದಲಿಸು, ಏಳಿಸಿ ನೋಡು, ಆಮೇಲೆ ಇನ್ನೊಂದು. ಆನ್ ಮಾಡಿದರೂ ಮೊದಲು 'ನಾಟ್ ಆಕ್ಟಿವ್' ಅಂತಲೇ ತೋರಿಸುತ್ತಿತ್ತು. ಫ್ಯಾಕ್ಟರಿ ಕೀಗಳನ್ನು ಲೋಡ್ ಮಾಡುವ ಆಯ್ಕೆ ಒತ್ತಿದ ಮೇಲೆ ಸರಿಹೋಯಿತು. ಹೆಲ್ತ್ ಚೆಕ್ ಮತ್ತೆ ಓಡಿಸಿದೆ. ಎಲ್ಲ ಹಸಿರು.

ಅಪ್‌ಗ್ರೇಡ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಮೈಕ್ರೋಸಾಫ್ಟ್‌ನ ತಾಣದಿಂದಲೇ ವಿಂಡೋಸ್ 11ರ ಇಡೀ ಸೆಟಪ್ ಇರುವ ಐಎಸ್ಒ ಫೈಲ್ ಇಳಿಸಿಕೊಂಡೆ, ಐದು ಜಿಬಿಗಿಂತ ಜಾಸ್ತಿ ಇತ್ತು. ಕೀಬೋರ್ಡ್, ಮೌಸ್ ಬಿಟ್ಟು ಉಳಿದ ಯುಎಸ್‌ಬಿ ವೈರ್‌ಗಳನ್ನೆಲ್ಲ ಕಿತ್ತೆ. ಐಎಸ್ಒ ಮೇಲೆ ಡಬಲ್ ಕ್ಲಿಕ್ ಮಾಡಿ ಸೆಟಪ್ ಶುರು ಮಾಡಿದೆ. ಇಲ್ಲಿ ಒಂದೇ ಒಂದು ಪುಟವನ್ನು ಗಮನವಿಟ್ಟು ನೋಡಿ. ಏನನ್ನು ಉಳಿಸಿಕೊಳ್ಳಬೇಕು ಅಂತ ಕೇಳುವ ಪುಟ ಅದು. 'ಫೈಲ್‌ಗಳು ಮತ್ತು ಆ್ಯಪ್‌ಗಳು' ಅನ್ನುವುದು ಆರಿಸಲು ಬರದಂತೆ ಮಂಕಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಇಳಿಸಿಕೊಂಡ ಭಾಷೆ ಬೇರೆಯಾಗಿದ್ದರೆ ಹೀಗಾಗುತ್ತದೆ. ವಿಂಡೋಸ್‌ಗೆ 'ಇಂಗ್ಲಿಷ್' ಬೇರೆ, 'ಇಂಗ್ಲಿಷ್ ಇಂಟರ್‌ನ್ಯಾಷನಲ್' ಬೇರೆ. ಸರಿಯಾದದ್ದನ್ನು ಮತ್ತೆ ಇಳಿಸಿಕೊಳ್ಳುವುದೇ ದಾರಿ. ನನ್ನದು ಹೊಂದಿತ್ತು. ಕಂಪ್ಯೂಟರ್ ತಾನೇ ಮೂರು ಸಲ ಆಫ್ ಆಗಿ ಆನ್ ಆಯಿತು. ಒಂದೂವರೆ ಗಂಟೆಯಲ್ಲಿ ಮುಗಿಯಿತು.

ಮೊದಲ ವಾರ ಅಮ್ಮನಿಗೆ ಸ್ಟಾರ್ಟ್ ಬಟನ್ ಸಿಗಲಿಲ್ಲ, ಅದು ನಡುವೆ ಬಂದು ಕೂತಿದೆ ಅಲ್ವಾ! ಸೆಟ್ಟಿಂಗ್ಸ್‌ನಲ್ಲಿ ಪರ್ಸನಲೈಸೇಷನ್, ಅದರಲ್ಲಿ ಟಾಸ್ಕ್‌ಬಾರ್‌ಗೆ ಹೋಗಿ ಎಡಕ್ಕೆ ತಂದುಕೊಟ್ಟೆ. ಪ್ರಿಂಟರ್ ಪ್ರಿಂಟ್ ಮಾಡಿತು, ಸ್ಕ್ಯಾನ್ ಮಾಡಲಿಲ್ಲ. ಹಳೆಯ ಡ್ರೈವರ್ ತೆಗೆದು ಹೊಸದು ಹಾಕಿದ ಮೇಲೆ ಅದೂ ಸರಿಹೋಯಿತು.

ಹಿಂದಕ್ಕೆ ಹೋಗುವ ದಾರಿಯನ್ನು ವಿಂಡೋಸ್ ಹತ್ತು ದಿನ ಮಾತ್ರ ತೆರೆದಿಡುತ್ತದೆ. ಹಳೆಯದೆಲ್ಲ 'ವಿಂಡೋಸ್ ಡಾಟ್ ಓಲ್ಡ್' ಅನ್ನುವ ಫೋಲ್ಡರಿನಲ್ಲಿ ಇರುತ್ತದೆ. ಮನೆಮಂದಿ ತಿಂಗಳಿಗೊಮ್ಮೆ ಮಾಡುವ ಕೆಲಸಗಳೂ ಇರುತ್ತವೆ, ಅವೆಲ್ಲ ಒಂದು ಸಲ ನಡೆದು ನೋಡಬೇಕು. ಅದಕ್ಕೆ ಹತ್ತು ದಿನ ಸಾಲದು. ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಅನ್ನುವ ಕಮಾಂಡಿನಿಂದ ಅದನ್ನು 60 ದಿನದವರೆಗೆ ಹಿಗ್ಗಿಸಬಹುದು, ಆದರೆ ಆ ಹತ್ತು ದಿನದೊಳಗೇ ಮಾಡಬೇಕು. ನಾನು 30 ಕೊಟ್ಟೆ. 30 ದಿನ ಕಳೆದರೂ ಯಾರೂ ಹಳೆಯದನ್ನು ಕೇಳಲಿಲ್ಲ.

ಪ್ರೊಸೆಸರೇ ಪಟ್ಟಿಯಲ್ಲಿಲ್ಲದ ಹಳೆಯ ಕಂಪ್ಯೂಟರ್‌ಗೆ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕುವ ದಾರಿಗಳಿವೆ. ಬ್ಯಾಂಕಿನ ಕೆಲಸ ನಡೆಯುವ ಕಂಪ್ಯೂಟರ್‌ಗೆ ನಾನು ಹಾಗೆ ಮಾಡುವುದಿಲ್ಲ. ಅಂಥದ್ದಕ್ಕೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್ ವಾಸಿ. ಪೆನ್ ಡ್ರೈವ್‌ನಿಂದಲೇ ಓಡಿಸಿ, ಏನನ್ನೂ ಅಳಿಸದೆ, ಹೊಂದುತ್ತದಾ ಅಂತ ಮೊದಲು ನೋಡಬಹುದು. ಕನ್ನಡ ಟೈಪಿಂಗ್ ಕೂಡ ಅದರಲ್ಲಿ ಆಗುತ್ತದೆ.

ಅಪ್ಪನ ಫೈಲ್‌ಗಳು ಅಪ್‌ಗ್ರೇಡ್ ಆದ ಮೇಲೂ ಸರಿಯಾಗೇ ತೆರೆದವು, ಫಾಂಟ್‌ಗಳು ಇದ್ದಲ್ಲೇ ಇದ್ದವು. ಆದರೂ ಲ್ಯಾಪ್‌ಟಾಪಿನ ಆ ಪುಟ ಅವರ ಮನಸ್ಸಿನಿಂದ ಹೋಗಿರಲಿಲ್ಲ. ಈಗ ದಿನ ಸಂಜೆ ಇಬ್ಬರೂ ಕೂತು ಹಳೆಯ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಿಸುತ್ತಿದ್ದೇವೆ. ಪರಿವರ್ತಕ ಹೆಚ್ಚಿನ ಕೆಲಸ ಮಾಡುತ್ತದೆ. ಆಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳನ್ನು ನಾವು ಒಂದೊಂದಾಗಿ ನೋಡುತ್ತೇವೆ. ಅಪ್ಪ ಓದುತ್ತಾ ಹೋಗುತ್ತಾರೆ, ನಾನು ತಿದ್ದುತ್ತಾ ಹೋಗುತ್ತೇನೆ. ಮೂಲ ಫೈಲನ್ನು ಮಾತ್ರ ಅಳಿಸುವುದಿಲ್ಲ, ಪಕ್ಕದಲ್ಲೇ ಇರುತ್ತದೆ. ಒಟ್ಟು 43 ಫೈಲ್ ಇದ್ದವು. ಇನ್ನು 11 ಉಳಿದಿವೆ.