ಅಮೆರಿಕಾದ ತೂಕ ಇಳಿಸುವ ಮಾತ್ರೆ ಉಮ್ರಾ ಬ್ಯಾಗಿಗೆ ಹಾಕುವ ಮುನ್ನ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನ ಮೆಡಿಕಲ್ ಇದೆ. ರಂಜಾನಿಗೆ ಮುಂಚೆ ಪರಿಚಯದ ಆಪಾ ಒಬ್ಬರು ಬಂದು ಕೌಂಟರ್ ಮೇಲೆ ಕಿತ್ತಳೆ ಬಣ್ಣದ ಡಬ್ಬಿ ಇಟ್ಟರು.

"ಸೊಸಿ ಅಮೆರಿಕಾದಿಂದ ತಂದಾಳ್ರಿ ಭಾಯಿ. ತಗೊಂಡ್ರ ಹಸಿವೇ ಆಗಂಗಿಲ್ಲಂತ. ಉಮ್ರಾಕ್ಕ ಮೆಕ್ಕಾಕ್ಕ ಹೊಂಟೀನಿ, ಒಯ್ಲೇನ್ರಿ?"

ಮುಚ್ಚಳ ತೆಗೆದೆ. ಬಿಳಿ ಮಾತ್ರೆ, ಮೈತುಂಬ ನೀಲಿ ಚುಕ್ಕೆ. ಲೇಬಲ್ ಮೇಲೆ ಫೆಂಟರ್ಮಿನ್ 37.5 ಮಿಲಿಗ್ರಾಂ, ಜೊತೆಗೆ ಸೊಸೆಯ ಹೆಸರು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಎಚ್ಚರಿಕೆ: ಯಾರಿಗೆ ಬರೆದುಕೊಟ್ಟಿದೆಯೋ ಅವರ ಹೊರತು ಬೇರೆಯವರಿಗೆ ಕೊಡುವಂತಿಲ್ಲ. ಅದನ್ನು ಯಾರು ಓದುತ್ತಾರೆ ಹೇಳಿ!

ನಿಮ್ಮ ಮನೆಗೂ ಇಂಥ ಡಬ್ಬಿ ಬಂದರೆ ಮೊದಲು ಒಳಗಿನ ಔಷಧದ ಹೆಸರು ಹುಡುಕಿ. ಬ್ರ್ಯಾಂಡ್ ಹೆಸರು ದೇಶಕ್ಕೊಂದು ಇರುತ್ತದೆ, ಅದನ್ನು ನಂಬಿ ಕೂರಬೇಡಿ. ಒಳಗಿನ ಹೆಸರಲ್ಲೂ ಒಂದು ಕಿರಿಕಿರಿ ಇದೆ. ಡೈಈಥೈಲ್‌ಪ್ರೊಪಿಯಾನ್ ಅಂದರೂ ಆಂಫೆಪ್ರಮೋನ್ ಅಂದರೂ ಒಂದೇ ವಸ್ತು. ಫೆಂಟರ್ಮಿನ್, ಮ್ಯಾಜಿಂಡಾಲ್, ಫೆನ್‌ಡೈಮೆಟ್ರಜಿನ್, ಬೆಂಜ್‌ಫೆಟಮಿನ್ ಕಂಡರೂ ಅಲ್ಲೇ ನಿಲ್ಲಿ.

ಇವೆಲ್ಲ ಮನಸ್ಸಿನ ಮೇಲೆ ಕೆಲಸ ಮಾಡುವ ಔಷಧಗಳ ಬಗ್ಗೆ 1971ರಲ್ಲಿ ವಿಯೆನ್ನಾದಲ್ಲಿ ಆದ ಒಪ್ಪಂದದ ನಾಲ್ಕನೇ ಪಟ್ಟಿಯಲ್ಲಿವೆ. ಅವುಗಳ ಹಿರಿಯಣ್ಣ ಆಂಫೆಟಮಿನ್ ಇನ್ನೂ ಬಿಗಿಯಾದ ಎರಡನೇ ಪಟ್ಟಿಯಲ್ಲಿದೆ. ಒಂದೇ ಕುಲ ನೋಡಿ. ಹಸಿವು ಅಡಗಿಸುತ್ತವೆ, ಜೊತೆಗೆ ಎದೆಬಡಿತ ಏರಿಸುತ್ತವೆ, ನಿದ್ದೆ ಕೆಡಿಸುತ್ತವೆ, ಚಟವೂ ಹತ್ತಬಹುದು. ವಿಯೆನ್ನಾದಲ್ಲೇ ಇರುವ ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿ ಈ ಒಪ್ಪಂದದಡಿ ಬರುವ ಔಷಧಗಳ ‘ಹಸಿರು ಪಟ್ಟಿ’ ಅಂತ ಒಂದನ್ನು ಹೊರಡಿಸುತ್ತದೆ. ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಅಡ್ಡಹೆಸರುಗಳೂ ಅದರಲ್ಲಿವೆ. ನಮ್ಮಲ್ಲಿ ಮಾದಕವಸ್ತು ತಡೆಯಲು 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಅದರಡಿ ಬರುವ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ (ಶೆಡ್ಯೂಲ್ ಎಚ್) ಮಾತ್ರೆಯ ಲೇಬಲ್‌ನ ಎಡ ಮೂಲೆಯಲ್ಲಿ ಕೆಂಪಗೆ ‘ಎನ್‌ಆರ್‌ಎಕ್ಸ್’ ಅಂತ ಇರಬೇಕು.

ಪಟ್ಟಿಯಲ್ಲಿ ಹೆಸರಿಲ್ಲ ಅಂತ ನಿಶ್ಚಿಂತೆಯಾಗಬೇಡಿ. ಹಸಿವು ಅಡಗಿಸುವ ಇನ್ನೊಂದು ಔಷಧ ಸಿಬುಟ್ರಮಿನ್ ವಿಯೆನ್ನಾ ಪಟ್ಟಿಯಲ್ಲಿಲ್ಲ, ಆದರೂ ಹೃದಯಕ್ಕೆ ಅಪಾಯ ಅಂತ ಭಾರತ 2011ರಲ್ಲಿ ನಿಷೇಧಿಸಿತು. ‘ಗಿಡಮೂಲಿಕೆ’ ಅಂತ ಮಾರುವ ಕ್ಯಾಪ್ಸೂಲ್‌ಗಳಲ್ಲಿ ಅದನ್ನೇ ಬೆರೆಸಿದ್ದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ. ನಾನೂ ಒಮ್ಮೆ ಹಸಿರು ಎಲೆ ಚಿತ್ರ ನೋಡಿ ಅಂಥ ಡಬ್ಬಿ ತರಿಸಿದ್ದೆ. ಒಳಗೇನಿದೆ ಅಂತ ಕೇಳಿದರೆ ಕೊಟ್ಟವರ ಫೋನೇ ಸ್ವಿಚ್ ಆಫ್. ಇದ್ದದ್ದೆಲ್ಲ ಶೆಲ್ಫಿನಿಂದ ಇಳಿಸಿದೆ, ದುಡ್ಡು ಹೋಯಿತು.

ಪ್ರಯಾಣಿಕರು ಸ್ವಂತಕ್ಕೆ ಸ್ವಲ್ಪ ಮಾತ್ರೆ ಒಯ್ಯಲು ದೇಶಗಳು ಬಿಡಬಹುದು ಅಂತ ಒಪ್ಪಂದದಲ್ಲಿದೆ. ಆದರೆ ಅದಕ್ಕಿಂತ ಬಿಗಿ ಮಾಡುವ ಹಕ್ಕೂ ಪ್ರತಿ ದೇಶಕ್ಕಿದೆ. ದುಬೈ ಕಡೆ ಹೋಗುವವರು ಆನ್‌ಲೈನ್‌ನಲ್ಲಿ ಮೊದಲೇ ಅನುಮತಿ ಕೇಳಬೇಕು. ಬೇರೆ ದೇಶವಾದರೆ ಅದರ ರಾಯಭಾರ ಕಚೇರಿಗೆ ಬರೆದು ಕೇಳಿ. ಡಾಕ್ಟರ್ ಚೀಟಿ ನಿಮ್ಮ ಹೆಸರಲ್ಲೇ ಇರಲಿ. ಮಾತ್ರೆ ಮೂಲ ಪ್ಯಾಕಿಂಗಿನಲ್ಲೇ ಇರಲಿ, ಉಳಿಯುವ ದಿನಗಳಿಗೆ ಬೇಕಾದಷ್ಟೇ ಸಾಕು. ಪಕ್ಕದ ಮನೆಯವರು "ಇದೊಂದು ಪೊಟ್ಟಣ ಮುಟ್ಟಿಸ್ರಿ" ಅಂದರೆ ಮಾತ್ರ ದಾಕ್ಷಿಣ್ಯ ಬೇಡವೇ ಬೇಡ.

ಆಪಾಗೆ ಬಿಪಿ ಇದೆ, ಐದು ವರ್ಷದಿಂದ ನಮ್ಮಲ್ಲೇ ಮಾತ್ರೆ ಒಯ್ಯುತ್ತಾರೆ. ಬಿಪಿ ಇದ್ದವರು ಫೆಂಟರ್ಮಿನ್ ಸುಮ್ನೆ ನುಂಗುವುದಾ? ಡಬ್ಬಿಯನ್ನು ಅವರ ಕಡೆ ಸರಿಸಿದೆ.

"ಸೊಸಿಗೇ ವಾಪಸ್ ಕೊಡ್ರಿ ಆಪಾ."

"ಹಂಗಾದ್ರ ರೊಟ್ಟಿ ಒಂದು ಕಡಿಮಿ ಮಾಡ್ತೀನಿ ಬಿಡ್ರಿ," ಅಂದರು. ಬಿಪಿ ಮಾತ್ರೆ ಎರಡು ಸ್ಟ್ರಿಪ್ ಕಟ್ಟಿಕೊಟ್ಟೆ. ಡಾಕ್ಟರ್ ಚೀಟಿಯ ಜೆರಾಕ್ಸ್ ತೆಗೆಸಲು ಪಕ್ಕದ ಅಂಗಡಿಗೆ ಹೋದರು.