ಅಳತೆ ಅಂದರೆ ಯಾವ ಅಳತೆ?

ಮೈಸೂರಿನಲ್ಲಿ ಮಂಚ, ವಾರ್ಡ್‌ರೋಬ್, ಅಡುಗೆಮನೆ ಕ್ಯಾಬಿನೆಟ್ ಮಾಡಿಸಿಕೊಡುವುದು ನನ್ನ ಕೆಲಸ. ಮರದ ಕೆಲಸ ಅಪ್ಪನಿಂದ ಕಲಿತೆ. ಇಂಗ್ಲಿಷಿನಲ್ಲಿ ಮೇಲ್ ಬರೆಯೋದನ್ನು ಗಿರಾಕಿಗಳಿಂದ ಕಲಿತೆ, ಅದೂ ಪೆಟ್ಟು ತಿಂದು.

ನಮಗೆ ‘ಅಳತೆ’ ಅಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಸೈಜ್, ಡೈಮೆನ್ಷನ್, ಮೆಷರ್‌ಮೆಂಟ್ ಅಂತ ಮೂರು ಇವೆ. ಬಹಳ ದಿನ ಮೂರೂ ಒಂದೇ ಅಂದುಕೊಂಡಿದ್ದೆ.

ಒಮ್ಮೆ ನ್ಯೂಜೆರ್ಸಿಯಲ್ಲಿರುವ ಕನ್ನಡದವರೊಬ್ಬರು ಇಲ್ಲಿನ ಫ್ಲ್ಯಾಟಿಗೆ ಕಿಂಗ್ ಸೈಜ್ ಮಂಚ ಹೇಳಿದರು. ನಾನು ‘ಕಾಟ್ ಸೈಜ್ 72 ಇಂಟು 78’ ಎಂದು ಬರೆದೆ. ಅವರು ಒಪ್ಪಿದರು. ಅದೇ ಚೀಟಿ ಬಡಗಿಯ ಕೈಗೂ ಹೋಯಿತು. ಅವನು ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಸರಿಯಾಗಿ 72, 78 ಇಂಚಿಗೇ ಮಂಚ ಕಟ್ಟಿದ. ಹಾಸಿಗೆ ಬಂತು, ಅದೂ 72 ಇಂಟು 78. ಒಳಗೆ ಇಳಿಯಲೇ ಇಲ್ಲ, ಪಕ್ಕದ ಪಟ್ಟಿಗಳ ಮೇಲೆ ಕೂತಿತು. ‘ನೀವೇ ಬರೆದಿದ್ದೀರಲ್ಲಣ್ಣ’ ಅಂದ. ನಿಜ ತಾನೇ? ಪಟ್ಟಿ ಬಿಚ್ಚಿ ಹೊಸದು ಹಾಕಿಸಿದ ಖರ್ಚು ನನ್ನ ತಲೆಗೇ ಬಂತು.

ಆಮೇಲೆ ಆ ಗಿರಾಕಿ ಫೋನಿನಲ್ಲಿ ಇನ್ನೊಂದು ಹೇಳಿದರು. ಅಮೆರಿಕದಲ್ಲಿ ಕಿಂಗ್ ಅಂದರೆ 76 ಇಂಟು 80 ಅಂತೆ. ನಮ್ಮ ಕಡೆ ಸಾಮಾನ್ಯವಾಗಿ 72 ಇಂಟು 78. ಹೆಸರು ಒಂದೇ, ಅಳತೆ ಬೇರೆ. ಅಲ್ಲಿ ‘ಟೂ ಬೈ ಫೋರ್’ ಅನ್ನುವ ರೀಪರಿಗೆ ಟೇಪು ಹಿಡಿದರೆ ಒಂದೂವರೆ ಇಂಟು ಮೂರೂವರೆ ಇಂಚು ಬರುತ್ತದೆ, ಯಾರೂ ಜಗಳ ಆಡಲ್ಲ. ಆಗ ನನಗೆ ಹೊಳೆಯಿತು: ಸೈಜ್ ಅನ್ನೋದು ಹೆಚ್ಚಾಗಿ ಹೆಸರು. ಡೈಮೆನ್ಷನ್ ಅಂದರೆ ಡ್ರಾಯಿಂಗಿನಲ್ಲಿ ನಾವು ಹೀಗಿರಲಿ ಎಂದು ಬರೆಯೋದು. ಮೆಷರ್‌ಮೆಂಟ್ ಅಂದರೆ ಟೇಪು ಹಿಡಿದಾಗ ಸಿಗೋದು. ಗೋಡೆಯದ್ದು ನನಗೆ ಬೇಕಾದದ್ದು ಮೆಷರ್‌ಮೆಂಟ್, ಯಾಕಂದರೆ ಬಿಲ್ಡರ್ ಪ್ಲಾನಿನ ಹತ್ತು ಅಡಿ ಪ್ಲಾಸ್ಟರ್ ಆದಮೇಲೆ ಹತ್ತು ಅಡಿ ಉಳಿಯೋದು ಅಪರೂಪ.

ಅಗಲದ ಕಥೆ ಬೇರೆ. ವಾರ್ಡ್‌ರೋಬಿನ ಮುಂದಿನಿಂದ ಹಿಂದಕ್ಕೆ ಎರಡು ಅಡಿ ಇಡುತ್ತೇವೆ, ಹ್ಯಾಂಗರಿನಲ್ಲಿ ನೇತುಹಾಕಿದ ಶರ್ಟಿನ ತೋಳು ಬಾಗಿಲಿಗೆ ತಾಗಬಾರದಲ್ಲ. ನಾನು ಅದನ್ನೂ ‘ವೈಡ್’ ಅಂತಲೇ ಬರೆಯುತ್ತಿದ್ದೆ. ‘ಎರಡೇ ಅಡಿ ಅಗಲದ ಬೀರು ಯಾಕೆ?’ ಎಂದು ಗಿರಾಕಿ ಗಾಬರಿಯಾದರು. ಅದಕ್ಕೆ ‘ಡೀಪ್’ ಅನ್ನಬೇಕು. ಬಾವಿಗಷ್ಟೇ ಆಳ ಅಂದುಕೊಂಡಿದ್ದವನಿಗೆ ಬೀರುವಿಗೂ ಆಳ ಇರುತ್ತೆ ಅನ್ನೋದು ಒಗ್ಗಲು ಟೈಮ್ ಹಿಡಿಯಿತು. ಪ್ಲೈಗೆ ಮಾತ್ರ ‘ಥಿಕ್’, 18 ಎಂಎಂ ಥಿಕ್.

ಟಾಲ್, ಹೈ ಎರಡಕ್ಕೂ ನಾವು ಎತ್ತರ ಅಂತೀವಿ. ಅಡುಗೆಮನೆಯಲ್ಲಿ ನೆಲದಿಂದ ಮೇಲಕ್ಕೆ ಉದ್ದಕ್ಕೆ ನಿಂತದ್ದು ಟಾಲ್ ಯೂನಿಟ್. ಸ್ಟೂಲ್ ಹಾಕಿಕೊಂಡು ಡಬ್ಬಿ ತೆಗೆಯಬೇಕಾದ ಶೆಲ್ಫು ಹೈ, ಅದು ಒಂದೇ ಅಡಿಯ ಶೆಲ್ಫಾದರೂ. ಬಿಗ್, ಲಾರ್ಜ್ ಬಗ್ಗೆ ತಲೆಕೆಡಿಸಿಕೊಳ್ಳಲ್ಲ. ಎಷ್ಟು ಇಂಚು ಅಂತ ಬರೆದುಬಿಟ್ಟರೆ ಎರಡೂ ಬೇಕಾಗಲ್ಲ.

ಈಗ ನನ್ನ ಚೀಟಿಯಲ್ಲಿ ‘ಕಾಟ್ ಸೈಜ್’ ಅನ್ನೋ ಮಾತಿಲ್ಲ. ‘ಮ್ಯಾಟ್ರೆಸ್ 72 ಇಂಟು 78, ಫ್ರೇಮ್ ಒಳಗಡೆ ಅರ್ಧರ್ಧ ಇಂಚು ಜಾಸ್ತಿ’ ಅಂತ ಇರುತ್ತದೆ. ಬಡಗಿಗೆ ಅದನ್ನೇ ಕನ್ನಡದಲ್ಲಿ ಇನ್ನೊಂದು ಸಲ ಬರೆದು ಕೊಡುತ್ತೇನೆ.